ಹಾಸಿಗೆ ಹಿಡಿದ ಅಪ್ಪ

ಓದು ಕಮ್ಮಿಯಾಗಿ ಕೆಲಸ ಸಿಗದವರನ್ನು ಲೋಕ ಬೇಕಾದಷ್ಟು ಕಂಡಿದೆ. ದರ್ಜಿಯ ಮಗಳಿಗೆ ಓದು ಹೆಚ್ಚಾಗಿ ಕೆಲಸ ಸಿಗಲಿಲ್ಲ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಎಂದು ಕಂಡೊಡನೆ ಎಲ್ಲರದೂ ಒಂದೇ ರಾಗ. "ಇಷ್ಟು ಓದಿದೀರಿ, ನಮ್ಮಲ್ಲಿ ನಿಲ್ತೀರಾ? ಒಳ್ಳೇದು ಸಿಕ್ಕಿದ ಕೂಡ್ಲೇ ಹಾರಿ ಹೋಗ್ತೀರಿ." ಹಾರುವ ಮಾತು ಹಾಗಿರಲಿ, ಬಸ್ಸಿನ ಕಾಸಿಗೂ ಗತಿಯಿರಲಿಲ್ಲ ಎಂಬುದು ಆ ಮಹಾನುಭಾವರಿಗೆ ಹೇಗೆ ಗೊತ್ತಾಗಬೇಕು!

ಕೊನೆಗೆ ಔಷಧಿ ಗೋದಾಮಿನ ಪ್ಯಾಕಿಂಗ್ ಕೆಲಸಕ್ಕೆ ಹೋದಾಗ ಎಂ.ಎಸ್ಸಿ.ಯನ್ನು ನುಂಗಿಕೊಂಡು ಬರೀ ಬಿ.ಎಸ್ಸಿ. ಅಂದಳು.

"ಮತ್ತೆ ಆಮೇಲಿನ ಎರಡು ವರ್ಷ ಏನು ಮಾಡಿದ್ರಿ?" ಎಂದಳು ಮೇಲ್ವಿಚಾರಕಿ.

"ಅಪ್ಪ ಹಾಸಿಗೆ ಹಿಡಿದಿದ್ರು," ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು. "ಓದು ಅಲ್ಲಿಗೇ ನಿಂತೋಯ್ತು."

ಮೇಲ್ವಿಚಾರಕಿಯ ಕಣ್ಣು ತುಂಬಿತು. ಮೂರು ತಿಂಗಳು ಕೆಲಸ ನೋಡಿ ಖಾಯಂ ಮಾಡುವುದೆಂದಾಯಿತು.

ಆ ಎರಡು ವರ್ಷ ಅಪ್ಪ ಮಲಗಿದ್ದರೆ ತಾನೇ! ಮಗಳ ಫೀಜಿಗೆಂದು ಹಗಲಿರುಳು ಹೊಲಿಗೆ ಯಂತ್ರ ತುಳಿದ ಮನುಷ್ಯ. ಅಳತೆ ಕೊಡಲು ಬಂದವರ ಕುತ್ತಿಗೆಗೆ ಟೇಪು ಹಿಡಿದುಕೊಂಡೇ "ನಮ್ಮ ಹುಡುಗಿ ಎಂ.ಎಸ್ಸಿ." ಅನ್ನುತ್ತಿದ್ದರು, ಪಾಪ, ಬಂದವರು ಓಡಿ ಹೋಗುವುದಾದರೂ ಹೇಗೆ? ಅಂಥ ಅಪ್ಪನಿಗೆ ಈ ಸುಳ್ಳನ್ನು ಯಾವ ಬಾಯಿಂದ ಹೇಳುವುದು? ಅವಳು ಹೇಳಲಿಲ್ಲ.

ಗಡುವು ಮುಗಿಯುವ ವಾರ, ಮಗಳು ಮರೆತು ಬಂದ ಬುತ್ತಿ ಹಿಡಿದು ಅಪ್ಪ ಗೋದಾಮಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಮೆಟ್ಟಿಲ ಮೇಲೆ ಟಕಟಕನೆ ಚಪ್ಪಲಿಯ ಸದ್ದು. ಮಗಳು ಎದ್ದು ಓಡುವಷ್ಟರಲ್ಲಿ ಮೇಲ್ವಿಚಾರಕಿ ಬಾಗಿಲಿಗೆ ಬಂದಾಗಿತ್ತು.

"ಯಾರು ಬೇಕಾಗಿತ್ತು?"

"ನಮ್ಮ ಮಗಳು ಇಲ್ಲೇ ಇದ್ದಾಳಮ್ಮ," ಅಪ್ಪ ಮಗಳತ್ತ ಕೈ ತೋರಿದರು. "ಅವಳು ಎಂ..."

"ಓ, ಅವಳ ಅಪ್ಪನಾ! ಎರಡು ವರ್ಷ ಹಾಸಿಗೆ ಹಿಡಿದಿದ್ರಂತಲ್ಲ? ಪಾಪ, ನಿಮ್ಮನ್ನ ನೋಡ್ಕೊಳ್ಳೋಕೆ ಓದನ್ನೇ ಬಿಟ್ಟಳಂತೆ."

ಅಪ್ಪ ಮಗಳ ಮುಖ ನೋಡಿದರು. ಟೇಪು ಹಿಡಿಯುವ ಮೊದಲೇ ಕಣ್ಣಲ್ಲಿ ಅಳತೆ ತೆಗೆಯುವವರಿಗೆ ಅಷ್ಟು ಸಾಕಾಯಿತು.

"ಹೌದಮ್ಮ," ಎನ್ನುತ್ತಾ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಇವಳಿಲ್ಲದಿದ್ರೆ ನಾನು ಉಳೀತಿರಲಿಲ್ಲ. ಈಗಲೂ ಅಷ್ಟಕ್ಕಷ್ಟೆ."

ಮೇಲ್ವಿಚಾರಕಿ ಮಗಳ ಬೆನ್ನು ಸವರಿದಳು. "ಇಂಥ ಅಪ್ಪನ್ನ ಬಿಟ್ಟು ನೀನೆಲ್ಲಿ ಹೋಗ್ತೀಯ? ಇವತ್ತೇ ಖಾಯಂ ಮಾಡಿಸ್ತೀನಿ. ಹೋಗು, ಹುಷಾರಾಗಿ ಕೆಳಗಿಳಿಸು."

ಅಂತೂ ಕೆಲಸ ಸಿಕ್ಕಿತು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಅವಳಿಗೆ. ಅಪ್ಪನ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದಳು. ಬೀದಿಯ ತಿರುವು ದಾಟಿದರೂ ಅವರು ಗೋಡೆ ಹಿಡಿದೇ ನಡೆಯುತ್ತಿದ್ದರು.

"ಸಾಕಪ್ಪ, ಇಲ್ಲಿ ಯಾರೂ ನೋಡಲ್ಲ. ಸರಿಯಾಗಿ ನಡಿ."

"ನಡೀಬೇಕು ಅಂತಲೇ ನೋಡ್ತಿದ್ದೀನಿ ಮಗಳೇ," ಅಂದರು ಅಪ್ಪ. "ಕಾಲೇ ಬರ್ತಿಲ್ಲ."