ಬರಿಹೊಟ್ಟೆಗೆ ವಿಭೂತಿ

ನನ್ನ ಬಾಯಿ ಜೋರು ಎಂಬುದು ನಮ್ಮ ಬೀದಿಗೆಲ್ಲ ಗೊತ್ತು. ಸೇಲಂನ ಈ ನೇಕಾರರ ಬೀದಿಯಲ್ಲಿ ಮಗ್ಗಕ್ಕಿಂತ ಶಾರದಳ ಸದ್ದೇ ಹೆಚ್ಚು ಎಂದು ನನ್ನ ಗಂಡ ಶಿವಲಿಂಗಂ ಎಲ್ಲರೆದುರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ಹೋದ ವರ್ಷ ಕೆಲವು ತಿಂಗಳು ಮಾತ್ರ ನಾನು ಬಾಯಿ ಮುಚ್ಚಿಕೊಂಡು ಅವರ ಮಗ್ಗದ ಸದ್ದನ್ನೇ ಆಲಿಸುತ್ತಿದ್ದೆ. ನಾನು ನಡುಮನೆಯಲ್ಲಿ ರಾಟೆ ತಿರುಗಿಸಿ ನೂಲು ಸುತ್ತುತ್ತಿದ್ದರೆ ಒಳಗೆ ಲಾಳಿ ಓಡಾಡುವುದು ಕೇಳುತ್ತಿತ್ತು. ಇದ್ದಕ್ಕಿದ್ದಂತೆ ಅದು ನಿಲ್ಲುತ್ತಿತ್ತು. ಎದ್ದು ಹೋಗಿ ನೋಡಿದರೆ ಇವರು ಹೊಟ್ಟೆ ಹಿಡಿದುಕೊಂಡು ಬಗ್ಗಿ ಕೂತಿರುತ್ತಿದ್ದರು.

"ಗ್ಯಾಸು ಕಣೇ. ಓಗು, ನಿನ್ ಕೆಲ್ಸ ನೋಡು," ಎನ್ನುತ್ತಿದ್ದರು.

ಇವರ ಅಣ್ಣ ರಾಜಗೋಪಾಲ್ ಕೂಡ ಗ್ಯಾಸು ಎಂದೇ ವರ್ಷವಿಡೀ ಸೋಡಾ ಕುಡಿದರು. ಕೊನೆಗೆ ಬಾಯಿಂದ ಹೊಟ್ಟೆಗೆ ಟ್ಯೂಬ್ ಬಿಟ್ಟು ನೋಡುವಷ್ಟರಲ್ಲಿ ಹೊಟ್ಟೆಯ ಕ್ಯಾನ್ಸರು ಲಿವರಿಗೂ ಹಬ್ಬಿತ್ತು. ಮೂರೇ ತಿಂಗಳಲ್ಲಿ ಹೋದರು. ನಮ್ಮ ಮಾವನವರೂ ಹೊಟ್ಟೆನೋವಿನಲ್ಲೇ ಹೋದವರು, ಆಗ ಅದಕ್ಕೆ ಹೆಸರಿಟ್ಟವರು ಯಾರೂ ಇರಲಿಲ್ಲ.

ಬಲವಂತದಿಂದ ಇವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಇದನ್ನೆಲ್ಲ ಕೇಳಿ, ತಡಮಾಡದೆ ಎಂಡೋಸ್ಕೋಪಿ ಮಾಡಿಸಿ, ಅದೇ ಟ್ಯೂಬ್ ಬಿಟ್ಟು ನೋಡುವ ಪರೀಕ್ಷೆ, ಎಂದರು. ಕ್ಯಾನ್ಸರು ಬರುವ ಮೊದಲೇ ಹೊಟ್ಟೆಯ ಒಳಪದರದಲ್ಲಿ ಗುರುತು ಕಾಣಿಸಿಕೊಳ್ಳುತ್ತದಂತೆ, ಆಗಲೇ ಹಿಡಿದರೆ ಮನುಷ್ಯ ಉಳಿಯುತ್ತಾನಂತೆ. ಮನೆಗೆ ಬಂದು ಇವರು ಒಂದೇ ಮಾತು ಹೇಳಿದರು.

"ಟ್ಯೂಬ್ ಬಿಟ್ಟ ಮೇಲೇ ಅಲ್ವಾ ಅಣ್ಣ ಸತ್ತದ್ದು? ಮಲಗಿರೋ ನಾಗರಾವನ್ನ ಕೆಣಕಬಾರ್ದು."

"ಆವು ಮಲಗಿದ್ರೆ ನೀವ್ಯಾಕೆ ಇಂಗೆ ಬಗ್ಗಿ ಕೂತಿರ್ತೀರಿ?" ಎಂದೆ.

ಎರಡು ತಿಂಗಳು ಜಗಳವಾಡಿದೆ, ಕಣ್ಣೀರಿಟ್ಟೆ, ಕಾಲು ಹಿಡಿದೆ. ಕೊನೆಗೆ ಅವರ ಲಾಳಿಗಳನ್ನೆಲ್ಲ ಅಕ್ಕಿಡಬ್ಬಿಯಲ್ಲಿ ಬಚ್ಚಿಟ್ಟೆ. ಲಾಳಿಯಿಲ್ಲದೆ ನೇಕಾರ ಎಷ್ಟು ದಿನ ಕೂತಾನು? ನಾಲ್ಕನೇ ದಿನ ಮಣಿದರು.

"ಒಂದೇ ಒಂದು ಸಲ ಬಾಯಿ ತೆಗೀತೀನಿ. ಇನ್ನೊಂದ್ಸಲ ಕರೆದ್ರೆ ಬರಕಿಲ್ಲ. ಚೌಡಮ್ಮನಾಣೆ."

ಚೌಡಮ್ಮ ನಮ್ಮ ಕುಲದೇವತೆ. ಅವಳ ಮೇಲೆ ಆಣೆಯಿಟ್ಟರೆ ಇವರು ಜೀವ ಹೋದರೂ ತಪ್ಪುವವರಲ್ಲ. ಅದು ಗೊತ್ತಿದ್ದೂ, ಒಂದು ಸಲವಾದರೂ ಆಗಲಿ ಎಂದು ಒಪ್ಪಿಕೊಂಡೆ.

ಆ ದಿನ ಬೆಳಗ್ಗೆ ಹನಿ ನೀರನ್ನೂ ಕುಡಿಯಬಾರದು ಎಂದಿದ್ದರು. ಹೊರಡುವ ಹೊತ್ತಿಗೆ ನಮ್ಮತ್ತೆ ಮುನಿವೆಂಕಟಮ್ಮ ಚೌಡಮ್ಮನ ವಿಭೂತಿ ಪೊಟ್ಟಣ ಹಿಡಿದು ಬಂದರು. ನಮ್ಮಲ್ಲಿ ಹೊಟ್ಟೆನೋವೆಂದರೆ ಹಣೆಗೆ ಇಡುವಷ್ಟೇ ವಿಭೂತಿ ಬಾಯಿಗೂ ಹಾಕುತ್ತಾರೆ. ಉಪವಾಸದ ದಿನವೂ ಹಾಕಿಕೊಳ್ಳಬಹುದು, ಅದು ಊಟದ ಲೆಕ್ಕಕ್ಕೆ ಬರುವುದಿಲ್ಲ.

"ಬಾಯಿಗೆ ಏನೂ ಆಕ್ಬಾರ್ದು ಅಂದವ್ರೆ ಅತ್ತೆ. ನಿಮ್ಗೆ ಒಂದ್ಸಲ ಏಳಿದ್ರೆ ತಿಳಿಯಾಕಿಲ್ವಾ?" ಎಂದು ರೇಗಿ ಪೊಟ್ಟಣ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮಗನೊಬ್ಬನನ್ನು ಕಳೆದುಕೊಂಡ ಮುದುಕಿ ಒಳಗೆ ಹೋದರು.

ಆಸ್ಪತ್ರೆಯ ಬೆಂಚಿನ ಮೇಲೆ ಎರಡು ಗಂಟೆ ಕೂತೆವು. ಒಳಗಿನಿಂದ ಯಾರೋ ಓಕರಿಸುವುದು ಕೇಳಿಸುತ್ತಿತ್ತು. ಇವರ ಕೈ ಮುಟ್ಟಿದೆ, ತಣ್ಣಗಿತ್ತು. ಹೆಸರು ಕೂಗಿದರು. ಇವರು ಎದ್ದು ನಿಂತಾಗ ಥೇಟ್ ರಾಜಗೋಪಾಲ್ ಭಾವನ ಹಾಗೇ ಕಂಡರು, ಸೋತ ಅದೇ ಭುಜ, ಅದೇ ನೋಟ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ, ಹಾಗಾಯಿತು ನನ್ನ ಕತೆ. ಪೊಟ್ಟಣ ಬಿಚ್ಚಿ ಅಷ್ಟೂ ವಿಭೂತಿಯನ್ನು ಅವರ ಬಾಯಿಗೆ ಸುರಿದೆ. "ನುಂಗಿ, ಬೇಗ," ಎಂದು ಒಂದು ಗುಟುಕು ನೀರನ್ನೂ ಕೊಟ್ಟೆ.

ಇವರು ಒಳಗೆ ಹೋದ ಸ್ವಲ್ಪ ಹೊತ್ತಿಗೆಲ್ಲ ನರ್ಸು ಸಿಡಿಸಿಡಿ ಅನ್ನುತ್ತಾ ಹೊರಗೆ ಬಂದಳು. "ಎನ್ನಮ್ಮಾ ಕುಡುತ್ತೀಂಗ?" ಏನು ಕೊಟ್ಟೆ ಎಂದು ಕೇಳಿದಳು. ಏನೂ ಇಲ್ಲ ಎಂದುಬಿಟ್ಟೆ. ನನ್ನ ಸುಟ್ಟ ಬಾಯಿಗೆ ಅಷ್ಟು ಬೇಗ ಸುಳ್ಳು ಬಂತು.

ಹೊಟ್ಟೆಯ ಗೋಡೆಗೆಲ್ಲ ಬೂದುಬಣ್ಣದ ರಾಡಿ ಮೆತ್ತಿಕೊಂಡಿದೆ, ಏನೂ ಕಾಣುತ್ತಿಲ್ಲ, ಟ್ಯೂಬ್ ತೆಗೆಯುತ್ತಿದ್ದಾರೆ, ಇನ್ನೊಂದು ದಿನ ಕರೆದುಕೊಂಡು ಬನ್ನಿ ಎಂದಳು.

ಇನ್ನೊಂದು ದಿನ. ಆ ಇನ್ನೊಂದು ದಿನ ಇವರು ಬರುವುದಿಲ್ಲ, ಮಗ್ಗದ ಮುಂದೆ ಹೊಟ್ಟೆ ಹಿಡಿದು ಕೂರುತ್ತಾರೆ, ಒಂದು ದಿನ ನಿಂತ ಸದ್ದು ಮತ್ತೆ ಶುರುವಾಗುವುದೇ ಇಲ್ಲ. ಅದಕ್ಕೆ ಕಾರಣ ನಾನು. ನರ್ಸನ್ನು ತಳ್ಳಿಕೊಂಡು ಒಳಗೆ ನುಗ್ಗಿದೆ.

ಇವರು ಎಡಮಗ್ಗುಲಾಗಿ ಮಲಗಿದ್ದರು. ಬಾಯಿ ಮುಚ್ಚದಂತೆ ಹಲ್ಲಿನ ನಡುವೆ ಪ್ಲಾಸ್ಟಿಕ್ ಬಳೆ, ಅದರೊಳಗೆ ಕಪ್ಪು ಟ್ಯೂಬು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ವಿಭೂತಿ ಸಾರ್. ನಾನೇ ಕೊಟ್ಟೆ," ಎಂದು ತಮಿಳಿನಲ್ಲಿ ಒದರಿದೆ. "ಇವರು ಇನ್ನೊಂದು ಸಲ ಬರುವುದಿಲ್ಲ, ದೇವರ ಮೇಲೆ ಆಣೆ ಇಟ್ಟಿದ್ದಾರೆ. ತೊಳೆದು ಈಗಲೇ ನೋಡಿ."

ಡಾಕ್ಟರಿಗೆ ಸಿಟ್ಟು ಬಂದಿತ್ತು. ತೊಳೆಯಬೇಕಾದರೆ ಇನ್ನೂ ಹತ್ತು ನಿಮಿಷ ಟ್ಯೂಬ್ ಒಳಗೇ ಇರಬೇಕು, ಇವರು ತಡೆದುಕೊಳ್ಳುತ್ತಾರಾ ಎಂದು ಕೇಳಿದರು. ಇವರು ಕೈ ಎತ್ತಿದರು. ಟ್ಯೂಬ್ ಕಿತ್ತೆಸೆಯುತ್ತಾರೆ ಎಂದುಕೊಂಡೆ. ಆದರೆ ಅವರು ನನ್ನ ಮಣಿಕಟ್ಟನ್ನು ಹಿಡಿದುಕೊಂಡರು, ನನ್ನ ಗಾಜಿನ ಬಳೆ ಒಡೆಯುವಷ್ಟು ಬಿಗಿಯಾಗಿ.

ಟ್ಯೂಬಿನಿಂದಲೇ ನೀರು ಬಿಟ್ಟರು, ಹೀರಿದರು, ಮತ್ತೆ ಬಿಟ್ಟರು. ಹೊಟ್ಟೆಯ ಒಳಗನ್ನು ತೋರಿಸುತ್ತಿದ್ದ ಪಕ್ಕದ ಟಿವಿಯಲ್ಲಿ ಬೂದಿ ಕರಗಿ ಒಳಗಿನ ಕೆಂಪು ಮಾಂಸ ಕಾಣತೊಡಗಿತು. ಕೆಳಗಿನ ತಿರುವಿನಲ್ಲಿ ಮಾತ್ರ ಹೆಬ್ಬೆರಳ ಉಗುರಿನಷ್ಟು ಜಾಗ ಬಿಳಿಚಿಕೊಂಡೇ ಉಳಿಯಿತು.

"ಅಲ್ಲಿ ಇನ್ನೂ ಸ್ವಲ್ಪ ಇದೆ ಸಾರ್, ಅದನ್ನೂ ತೊಳೆಯಿರಿ," ಎಂದೆ.

ಡಾಕ್ಟರು ಅದನ್ನೇ ನೋಡುತ್ತಿದ್ದರು. ಸಿಟ್ಟೆಲ್ಲ ಇಳಿದುಹೋಗಿತ್ತು. "ಅದು ವಿಭೂತಿ ಅಲ್ಲಮ್ಮಾ," ಎಂದು ಮೆಲ್ಲಗೆ ಹೇಳಿದರು.

ಅಲ್ಲಿಂದ ನಾಲ್ಕು ಚೂರು ಕಿತ್ತು ಪರೀಕ್ಷೆಗೆ ಕಳಿಸಿದರು. ಹತ್ತು ದಿನ ಕಾಯಬೇಕಾಯಿತು. ಅತ್ತೆಯ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಕ್ಯಾನ್ಸರಲ್ಲ ಎಂದರು. ಆದರೆ ಒಳಪದರ ಬದಲಾಗಿದೆ, ಬಿಟ್ಟರೆ ಮುಂದೆ ಅದೇ ದಾರಿ ಹಿಡಿಯಬಹುದು ಎಂದರು. ಹೊಟ್ಟೆಯಲ್ಲಿದ್ದ ಕ್ರಿಮಿಗೆ ಮಾತ್ರೆ ಬರೆದರು. ವರ್ಷಕ್ಕೊಮ್ಮೆ ಬಂದು ಟ್ಯೂಬ್ ಬಿಟ್ಟು ನೋಡಿಸಿಕೊಳ್ಳಲೇಬೇಕು ಎಂದೂ ಹೇಳಿದರು. ನಾನು ಇವರ ಕಡೆ ನೋಡಲಿಲ್ಲ. ಬಸ್ಸಿಳಿದ ಮೇಲೆ ಇವರು ಮನೆಗೆ ಬರದೆ ನೆಟ್ಟಗೆ ಚೌಡಮ್ಮನ ಗುಡಿಗೆ ಹೋಗಿ, ಆಣೆ ಮುರಿಯುವುದಕ್ಕೆ ತಪ್ಪುಕಾಣಿಕೆ ಹಾಕಿ ಬಂದರು. ನಾನು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ನಿನ್ನೆಗೆ ವರ್ಷ ತುಂಬಿತು. ಅದೇ ಬೆಂಚಿನ ಮೇಲೆ ಕೂತಿದ್ದೆವು. ಹೆಸರು ಕೂಗಿದ ತಕ್ಷಣ ಇವರು ಎದ್ದು ನನ್ನ ಮುಂದೆ ನಿಂತರು.

"ಶಾರದ, ಕೈ ತೋರ್ಸು."

ಎರಡೂ ಅಂಗೈ ಬಿಚ್ಚಿದೆ. ಏನೂ ಇರಲಿಲ್ಲ.

"ಸೊಂಟದಲ್ಲಿ ಏನೈತೆ?"

ಪೊಟ್ಟಣ ತೆಗೆದು ಕೊಟ್ಟೆ. ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ, ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

"ಆಚೆ ಬಂದ್ಮೇಲೆ ಇಬ್ರೂ ಇಕ್ಕೊಳಾನ," ಎಂದು ಒಳಗೆ ಹೋದರು.

ಬಾಗಿಲು ಮುಚ್ಚಿತು. ಮಗ್ಗದ ಸದ್ದಿಗೆ ಕೂರುತ್ತಿದ್ದ ಹಾಗೇ ನಾನು ಕಿವಿಗೊಟ್ಟು ಕೂತೆ.