ಬಿಳಿಗೈಯವಳ ಮುಖ

ಹೆಸರಾದ ಆ ದೆವ್ವದ ಕಾದಂಬರಿಯ ಮುನ್ನೂರು ಪುಟಗಳಲ್ಲಿ ಬಿಳಿಗೈಯವಳ ಮುಖ ಒಮ್ಮೆಯೂ ಕಾಣುವುದಿಲ್ಲ. ಮುಸ್ಸಂಜೆಯಲ್ಲಿ ಒಂಟಿ ಮಗುವಿನ ಹೆಗಲ ಮೇಲೆ ತಣ್ಣನೆಯ ಕೈಯೊಂದು ಬೀಳುತ್ತದೆ, ಅಷ್ಟೆ; ಮಗು ಮನೆಗೆ ಮರಳುವುದಿಲ್ಲ. ಆ ಪಿಶಾಚಿ ಇನ್ನೂ ಹೆಂಗಸಾಗಿದ್ದ ಕಾಲದ ಕಥೆಯನ್ನು ಚಿತ್ರಕಾರ್ತಿ ಮಿನೆಕೊ ಈಗ ಕಾಮಿಕ್ಸ್ ಆಗಿ ಬಿಡಿಸುತ್ತಿದ್ದಳು. ಹನ್ನೊಂದು ಕಂತು ಮುಗಿದಿದ್ದವು. ಉಳಿದದ್ದು ಒಂದೇ ಪುಟ: ತುಂಬಿದ ಹೊಳೆಯಲ್ಲಿ ಅವಳು ತನ್ನ ಮಗುವಿನ ಕೈ ಬಿಡುವುದು. ಅಲ್ಲಿ ಮುಖ ತೋರಿಸಲೇಬೇಕು.

"ಸೆನ್ಸೈ, ಮತ್ತೆ ಅಳುಮುಂಜಿ ಮಾಡಿದೀರಲ್ಲ," ಕಲಾವಿದರನ್ನು ಹೀಗೆ ಗುರುಗಳೆಂದೇ ಕರೆಯುವ ಸಂಪಾದಕ ನೆಗಿಶಿ, ಅವಳು ಕಳಿಸಿದ ಕರಡು ನೋಡಿ ಫೋನಿನಲ್ಲಿ ನಕ್ಕ. "ಇವಳಿಗೆ ಕರ್ಚೀಫು ಕೊಡೋಣ ಅನ್ಸುತ್ತೆ."

"ಮಗು ಹೋಗ್ತಿದೆ ನೆಗಿಶಿ-ಸಾನ್. ಅಳದೆ ಏನು ಕುಣೀತಾಳಾ?"

"ಅಳೋ ತಾಯಿಗೆ ಯಾರು ಹೆದರ್ತಾರೆ? ಕೈ ಬಿಟ್ಟಾಗ ಅವಳಿಗೆ ಹಗುರ ಅನ್ನಿಸ್ಬೇಕು. ಆ ಮುಖ ಬೇಕು ನಂಗೆ. ಐದು ಗಂಟೆಗೆ ಅಚ್ಚಿಗೆ ಹೋಗುತ್ತೆ."

ಈ ಕಸುಬಿನ ಎಷ್ಟೋ ಜನರಂತೆ ಮಿನೆಕೊಳ ಮೇಜಿನ ಮೇಲೂ ಕನ್ನಡಿಯಿತ್ತು. ಪಾತ್ರ ನಗಬೇಕಾದರೆ ತಾನು ನಕ್ಕು, ಹಲ್ಲು ಕಡಿಯಬೇಕಾದರೆ ತಾನೇ ಕಡಿದು, ನೋಡಿ ಬಿಡಿಸುವುದು. ಹುಬ್ಬು ಸಡಿಲಿಸಿದಳು, ತುಟಿ ತೆರೆದಳು. ಏನೂ ಕೂಡಿಬರಲಿಲ್ಲ. ಆಗ, ಬೇಡವೆಂದರೂ, ಹೋದ ವರ್ಷದ ಓಬೋನ್, ಹಿರಿಯರ ಹಬ್ಬದ ರಜೆ ನೆನಪಾಯಿತು.

ದೊಡ್ಡ ಅಂಗಡಿಯ ನಾಲ್ಕನೇ ಮಹಡಿಯಲ್ಲಿ ಮಗಳು ಸುಜು ಕಣ್ಮರೆಯಾಗಿದ್ದಳು. ಎಂಟು ವರ್ಷದ ಕೂಸು. ಮಿನೆಕೊ ಹುಚ್ಚಿಯಂತೆ ಓಡಾಡಿ ಹುಡುಕಿದ್ದು ನಿಜ. ಅದಕ್ಕೆ ಮೊದಲು, ಮಗಳಿಲ್ಲವೆಂದು ಗೊತ್ತಿದ್ದೂ, ಬೆಂಚಿನ ಮೇಲೆ ಕೂತಿದ್ದೂ ನಿಜ. ಕೈಗೆ ಜೋತುಬೀಳುವವರಿಲ್ಲ, ಅಮ್ಮಾ ಎನ್ನುವವರಿಲ್ಲ. ನಾಲ್ಕು ನಿಮಿಷವೋ ಐದೋ. ಗಂಡನಿಗೂ ಹೇಳಿರಲಿಲ್ಲ, ತನಗೆ ತಾನೂ ಹೇಳಿಕೊಂಡಿರಲಿಲ್ಲ.

ಕನ್ನಡಿಯಲ್ಲಿ ಮುಖ ತಾನಾಗಿಯೇ ಬಂತು. ಹಾಳೆಯಿಂದ ಲೇಖನಿ ಎತ್ತದೆ ಒಂದೇ ಓಟದಲ್ಲಿ ಬಿಡಿಸಿದಳು. ಇಷ್ಟು ಸಲೀಸಾಗಿ ಬಂದದ್ದಕ್ಕೇ ಅವಳ ಬೆನ್ನು ತಣ್ಣಗಾಯಿತು.

"ಇದು ಬಿಳಿಗೈಯವಳಾ?"

ಜ್ವರವೆಂದು ಶಾಲೆಗೆ ಹೋಗದ ಸುಜು ಯಾವಾಗಲೋ ಬಂದು ಪಕ್ಕದಲ್ಲಿ ನಿಂತಿದ್ದಳು.

"ಹ್ಞೂಂ ಪುಟ್ಟಿ. ಹೆದರಿಕೆ ಆಯ್ತಾ?"

"ಈ ಮುಖ ನಾನು ನೋಡಿದೀನಿ."

"ಎಲ್ಲಿ?"

"ಅಂಗಡೀಲಿ. ನಾನು ಕಳೆದುಹೋಗಿರ್ಲಿಲ್ಲ ಅಮ್ಮ. ಕಂಬದ ಹಿಂದೆ ಬಚ್ಚಿಟ್ಕೊಂಡಿದ್ದೆ, ನೀನು ಹುಡುಕ್ತೀಯ ಅಂತ. ನೀನು ಹೀಗೇ ಕೂತಿದ್ದೆ."

ಮಿನೆಕೊ ಲೇಖನಿ ಕೆಳಗಿಟ್ಟಳು. ಮಗಳನ್ನು ಎಳೆದುಕೊಳ್ಳಲು ಕೈ ಚಾಚಿದಳು. ಸುಜು ಎರಡು ಹೆಜ್ಜೆ ಹಿಂದೆ ಸರಿದಳು. ಕಣ್ಣು ಆ ಕೈಯ ಮೇಲೇ ಇತ್ತು.

"ಆಮೇಲೆ ಅವಳು ಮಗೂನ ಹುಡುಕ್ಕೊಂಡು ಹೋಗ್ತಾಳಾ?"

"ಹೋಗ್ತಾಳೆ. ಹೋಗೇ ಹೋಗ್ತಾಳೆ."

"ಬರೆದು ತೋರ್ಸು."

ಮಿನೆಕೊ ಹೊಸ ಹಾಳೆ ಎಳೆದುಕೊಂಡಳು. ಹೊಳೆ ಬಂತು, ದಡ ಬಂತು, ದಡದುದ್ದಕ್ಕೂ ಓಡುವ ಹೆಂಗಸು ಬಂದಳು. ಮುಖ ಮಾತ್ರ ಬರಲೊಲ್ಲದು. ಮೂರು ಹಾಳೆ ಹರಿದರೂ ಗೆರೆಗಳು ಅದೇ ನೆಮ್ಮದಿಯ ಕಡೆಗೆ ಜಾರುತ್ತಿದ್ದವು. ಫೋನು ಹೊಡೆದುಕೊಳ್ಳತೊಡಗಿತು. ಅವಳು ಎತ್ತಲಿಲ್ಲ, ನಾಲ್ಕನೆಯ ಹಾಳೆ ತೆಗೆದಳು. ಕೈಗೆ ಎಟುಕದಷ್ಟು ದೂರದಲ್ಲಿ ಸುಜು ನಿಂತು ಕಾಯುತ್ತಿದ್ದಳು.