ಬೆನ್ನಿಗೆ ಹುಕ್ಕಿದ್ದ ಜಂಪರು

ನಾನು ಒಂದು ಜಂಪರು. ಪುಸ್ತಕದಲ್ಲಿ ರವಿಕೆ ಎಂದು ಬರೆಯುತ್ತಾರೆ, ಅಂಗಡಿಯ ಹುಡುಗಿಯರು ಬ್ಲೌಸ್ ಎನ್ನುತ್ತಾರೆ. ನನ್ನನ್ನು ತೊಟ್ಟವರೆಲ್ಲ ಜಂಪರು ಎಂದೇ ಕರೆದರು, ಹಾಗಾಗಿ ಅದೇ ನನ್ನ ಹೆಸರು.

ಬೆಟಗೇರಿಯ ಒಂದು ತಗಡಿನ ಶೆಡ್ಡಿನಲ್ಲಿ ನಾನು ಹುಟ್ಟಿದೆ. ನನ್ನದು ಎಳೆ ಬದನೆಕಾಯಿಯ ಬಣ್ಣ, ತೋಳಿಗೆ ಸಣ್ಣ ಜರಿಯ ಅಂಚು. ಬಲತೋಳು ಹೊಲಿಯುವಾಗ ಕರೆಂಟು ಹೋಗಿ ಬಂದು ಅಂಚು ತುಸು ಓರೆಯಾಯಿತು. ಹೊಲಿದವನಿಗೆ ಬಿಚ್ಚಿ ಹೊಲಿಯಲು ಪುರಸೊತ್ತು ಇರಲಿಲ್ಲ. ಆ ಓರೆಯಿಂದಾಗಿ ನನ್ನನ್ನು ಕಡಿಮೆ ಬೆಲೆಯ ರಾಶಿಗೆ ಹಾಕಿದರು.

ಹುಕ್ಕು ಹಚ್ಚುವ ಕೆಲಸ ಮನೆಗಳಿಗೆ ಹೋಗುತ್ತದೆ. ನನಗೆ ಹುಕ್ಕು ಹಚ್ಚಿದ್ದು ದಪ್ಪ ಕನ್ನಡಕದ ಒಬ್ಬ ಅಜ್ಜಿ. ನನ್ನ ಮುಂಭಾಗ ಇಡಿಯಾಗಿತ್ತು, ಹುಕ್ಕುಗಳೆಲ್ಲ ಬೆನ್ನಿಗೆ. ಆಗಿನ ಫ್ಯಾಷನ್ ಹಾಗಿತ್ತು. ಅಜ್ಜಿ ನನ್ನನ್ನು ತಿರುವಿ ನೋಡಿ, "ಇದನ್ನ ತೊಡಾಕ ಇನ್ನೊಬ್ಬರ ಕೈ ಬೇಕಲ್ಲವಾ" ಎಂದು ತನ್ನಷ್ಟಕ್ಕೆ ನಕ್ಕಳು. ಆದರೂ ಪ್ರತಿ ಹುಕ್ಕಿಗೂ ಎರಡೆಳೆ ದಾರ ಹಾಕಿದಳು. ಎರಡೆಳೆ ಹಾಕಿದ್ದಕ್ಕೆ ಹೆಚ್ಚು ಕೂಲಿ ಯಾರೂ ಕೊಡುವುದಿಲ್ಲ.

ಅಲ್ಲಿಂದ ಗದಗಿನ ಪೇಟೆಯ ಒಂದು ಅಂಗಡಿಗೆ ಬಂದೆ. ರಾಶಿಯ ಕೆಳಗೆ ಬಿದ್ದುಕೊಂಡು ಎಷ್ಟೋ ಕೈಗಳನ್ನು ಕಂಡೆ. ಎತ್ತುತ್ತಿದ್ದರು, ಹುಕ್ಕು ಎಲ್ಲಿವೆ ಎಂದು ನೋಡುತ್ತಿದ್ದರು, ತೋಳಿನ ಓರೆ ಕಂಡು ಬಿಡುತ್ತಿದ್ದರು.

ಒಂದು ದಿನ ಬಿಸಿಲೇರುವ ಹೊತ್ತಿಗೆ ಕಸ್ತೂರಿ ಬಂದಳು. ಕಂಕುಳಲ್ಲಿ ಐದು ತಿಂಗಳ ಹೆಣ್ಣುಕೂಸು, ಹಿಂದೆ ಅತ್ತೆ.

"ಏನ್ ತೋರಸ್ಲಿರಿ ಅಕ್ಕಾ?" ಎಂದಳು ಅಂಗಡಿಯ ಹುಡುಗಿ ಫರ್ಜಾನಾ.

"ಚಂದ ಕಾಣಬೇಕು. ಕೂಸಿಗೆ ಹಾಲು ಕುಡಸಾಕೂ ಬರಬೇಕು. ರೊಕ್ಕಾನೂ ಭಾಳ ಆಗಬಾರ್ದು."

"ಅಂಥಾದು ಇದ್ರ ತೋರಸವಾ," ಎಂದಳು ಅತ್ತೆ, "ದೇವರ ಜಗಲಿ ಮ್ಯಾಲ ಇಟ್ಟು ಪೂಜಿ ಮಾಡ್ತೀನಿ."

ಫರ್ಜಾನಾ ನಕ್ಕು ಒಂದೊಂದೇ ಇಳಿಸಿದಳು. ಹಾಲೂಡಿಸುವವರಿಗೆಂದೇ ಮಾಡಿದ ಒಂದು ಕುರ್ತಾ ಬಂತು. ಎದೆಯ ಎರಡೂ ಬದಿಗೆ ನೆರಿಗೆಯ ಒಳಗೆ ಜಿಪ್ಪು. ಕಸ್ತೂರಿ ಬೆಲೆಯ ಚೀಟಿ ನೋಡಿ, ಕೂಸಿನ ಜೊಲ್ಲು ತಾಗೀತೆಂದು ಅದನ್ನು ದೂರ ಸರಿಸಿದಳು. ಅದರ ಅಗ್ಗದ ತಂಗಿಯೂ ಇತ್ತು, ಹೆಗಲಿನಿಂದ ಮೊಣಕಾಲಿನವರೆಗೆ ಒಂದೇ ಅಗಲ. ಅದನ್ನು ತೊಟ್ಟು ಪರದೆಯಾಚೆ ಬಂದಾಗ ಅತ್ತೆ ಬಾಯಿಗೆ ಸೆರಗು ಹಿಡಿದಳು.

"ಕಳಚಿ ಬಾ ಯವ್ವಾ. ಇದನ್ನ ತೊಟ್ಟು ಮೂಲ್ಯಾಗ ನಿಂತ್ರ ಯಾರರೆ ಬಂದು ಜ್ವಾಳ ತುಂಬ್ಯಾರು."

ಮುಂದೆ ಹುಕ್ಕಿದ್ದ ಜಂಪರುಗಳನ್ನೂ ನೋಡಿದ್ದಾಯಿತು. ಬೆಳಗಿನಿಂದ ಹಾಲು ತುಂಬಿದ ಮೈಗೆ ಒಂದೂ ಕೂಡಲಿಲ್ಲ. ಹುಕ್ಕು ಹುಕ್ಕಿನ ನಡುವೆ ಬಟ್ಟೆ ಬಾಯಿ ಬಿಡುತ್ತಿತ್ತು. "ನೈಟಿ ತೊಟ್ಟೂ ತೊಟ್ಟೂ ನನ್ನ ಆಕಾರನ ಮರತೀನಿ," ಎಂದಳು ಕಸ್ತೂರಿ. ನಗುತ್ತಲೇ ಅಂದಳು, ಆದರೆ ಕನ್ನಡಿಗೆ ಬೆನ್ನು ಮಾಡಿ ನಿಂತಿದ್ದಳು.

ಆಗ ಅವಳ ಕೈ ನಮ್ಮ ರಾಶಿಗೆ ಬಂತು. ನನ್ನ ಬಣ್ಣ ಅವಳಿಗೆ ಹಿಡಿಸಿತು. ಪರದೆಯ ಒಳಗೆ ಫರ್ಜಾನಾ ನನ್ನ ಹುಕ್ಕು ಹಾಕಿದಳು. ಬದಿಗಳಲ್ಲಿ ಬಿಗಿಯಾಯಿತು. "ಒಳಗ ಬಟ್ಟಿ ಬಿಟ್ಟಾರ್ರೀ, ತಡೀರಿ," ಎಂದು ನನ್ನನ್ನು ಕಳಚಿಸಿ, ಬ್ಲೇಡಿನಿಂದ ಬದಿಯ ಹೊಲಿಗೆ ಬಿಚ್ಚಿ, ಮೂಲೆಯ ಮಶೀನಿನಲ್ಲಿ ಹೊರಗೊಂದು ಹೊಲಿಗೆ ಹಾಕಿ ತಂದಳು. ಎರಡನೆಯ ಸಲ ಕೂಡಿತು. ಕಸ್ತೂರಿ ಈಗ ಕನ್ನಡಿಗೆ ಮುಖ ಮಾಡಿದಳು. ಮೊದಲು ಬಲಕ್ಕೆ ತಿರುಗಿದಳು, ಆಮೇಲೆ ಎಡಕ್ಕೆ. ನನ್ನೊಳಗೆ ಅವಳ ಬೆನ್ನು ನಿಧಾನವಾಗಿ ನೆಟ್ಟಗಾದದ್ದು ನನಗೆ ತಿಳಿಯಿತು.

"ಭಾಳ ಚಂದ ಕಾಣ್ತೀರಿ," ಎಂದಳು ಫರ್ಜಾನಾ. "ಖರೆ ಅಂದ್ರ ಇದು ಬ್ಯಾಡ್ರೀ ಅಕ್ಕಾ. ಹಿಂದ ಹುಕ್ ಅದಾವು. ಕೂಸು ಅತ್ರ ಹೆಂಗ ಮಾಡ್ತೀರಿ?"

"ರೂಢಿಗೆ ಬಾಯಾಗ ಬಂತು, ಇದನ್ನ ತೊಡೂ ದಿನದಿಂದ ಹಾಲು ಕುಡಸೂದು ಇಲ್ಲವಾ," ಎಂದಳು ಕಸ್ತೂರಿ. "ಕೂಸಿನ್ನ ನಮ್ಮ ಅಕ್ಕನ ಉಡಿಯಾಗ ಹಾಕಾಕತ್ತೀವಿ."

ಫರ್ಜಾನಾ ಕೈಯಲ್ಲಿದ್ದ ದಾರದ ತುಣುಕನ್ನು ಸುಮ್ಮನೆ ಬೆರಳಿಗೆ ಸುತ್ತಿಕೊಂಡಳು.

ಅಕ್ಕ ಎಂದರೆ ಕಸ್ತೂರಿಯ ಗಂಡನ ಅಣ್ಣನ ಹೆಂಡತಿ ಸುನಂದಾ. ಇರುವುದು ಬೆಳಗಾವಿಯಲ್ಲಿ. ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಿರಲಿಲ್ಲ. ಕಸ್ತೂರಿಗೆ ತಾಯಿ ಇಲ್ಲ. ಅವಳ ಎರಡು ಗಂಡುಮಕ್ಕಳ ಬಾಣಂತನವನ್ನು ಸುನಂದಾ ಬಂದು ನಿಂತು ಮಾಡಿದ್ದಳು. ನೀರೆರೆದಳು, ಕೆಂಡಕ್ಕೆ ಮೈ ಕಾಸಿದಳು, ಪ್ರತಿ ಸಲವೂ ಬರಿಗೈಲಿ ಬಸ್ಸು ಹತ್ತಿ ಹೋದಳು. ಮೂರನೆಯದು ಬಸಿರಾದಾಗ ಕಸ್ತೂರಿಯೇ ಬಾಯಿಬಿಟ್ಟು ಹೇಳಿದಳು, ಈ ಸಲದ ಕೂಸು ಅಕ್ಕನಿಗೆ ಎಂದು. ಯಾರೂ ಒತ್ತಾಯ ಮಾಡಿರಲಿಲ್ಲ. ಒತ್ತಾಯ ಮಾಡಿದ್ದರೆ ಬೈಯುವುದಕ್ಕಾದರೂ ಒಬ್ಬರು ಇರುತ್ತಿದ್ದರು.

"ಆವತ್ತ ಫೋಟೊ ತೆಗಸ್ತಾರ," ಎಂದಳು ಕಸ್ತೂರಿ ಕನ್ನಡಿಯನ್ನು ನೋಡುತ್ತ. "ದೊಡ್ಡಾಕ್ಯಾದ ಮ್ಯಾಲ ನೋಡತಾಳ. ನಮ್ಮ ಚಿಗವ್ವ ಎಷ್ಟ ಚಂದ ಇದ್ಲು ಅನ್ಲಿ."

ತನ್ನ ಕೂಸಿಗೆ ತಾನು ಚಿಗವ್ವ, ಬರೀ ಚಿಕ್ಕಮ್ಮ, ಎಂದು ಅವಳು ಮೊದಲ ಸಲ ಅಂದದ್ದು ಆಗಲೇ ಇರಬೇಕು. ಅಷ್ಟು ಹೊತ್ತು ತಮಾಷೆ ಮಾಡುತ್ತಿದ್ದ ಅತ್ತೆ ಆಚೆ ತಿರುಗಿ, ತನಗೆ ಬೇಡವಾದ ಲಂಗಗಳನ್ನು ಒಂದೊಂದಾಗಿ ಎತ್ತಿ ನೋಡತೊಡಗಿದಳು.

ಆ ದಿನ ಬಂತು. ಓಣಿಯಲ್ಲಿ ಪೆಂಡಾಲು ಹಾಕಿದ್ದರು. ಬೆಳಿಗ್ಗೆ ಕಸ್ತೂರಿ ಹಳೆಯ ನೈಟಿಯಲ್ಲೇ ಕೂತು ಕೂಸಿಗೆ ಹಾಲು ಕುಡಿಸಿದಳು. ಕೂಸಿನ ಹೊಟ್ಟೆ ತುಂಬಿದ ಮೇಲೂ ಎತ್ತಲಿಲ್ಲ. ನಾನು ಮಂಚದ ಮೇಲೆ ಸೀರೆಯ ಪಕ್ಕ ಕಾಯುತ್ತಿದ್ದೆ. ಕೊನೆಗೆ ಎದ್ದು ಬಂದು ನನ್ನಲ್ಲಿ ತೋಳು ತೂರಿಸಿದಳು. ಬೆನ್ನಿನ ಹುಕ್ಕು ಹಾಕಲು ಕೈ ಎಟುಕಲಿಲ್ಲ.

"ಅಕ್ಕಾ, ಒಂದಿಷ್ಟ ಬಾ," ಎಂದು ಕೂಗಿದಳು.

ಸುನಂದಾ ಬಂದಳು. ಹೊಸ ಸೀರೆಯಲ್ಲಿ ಅವಳು ಮದುಮಗಳಂತೆ ಹೆದರಿದ್ದಳು. ಅವಳ ಬೆರಳು ತಣ್ಣಗಿದ್ದವು. "ಬಿಗಿ ಆತೇನ?" ಎಂದಳು. "ಇಲ್ಲಕ್ಕ." 

ಪೆಂಡಾಲಿನಲ್ಲಿ ಸುನಂದಾ ಸೆರಗು ಒಡ್ಡಿ ಮಣೆಯ ಮೇಲೆ ಕೂತಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಹಾಕಿ, ಅದರ ಮೇಲೆ ಕಸ್ತೂರಿ ಕೂಸನ್ನು ಮಲಗಿಸಿದಳು. ಹೆಂಗಸರು ಹಾಡಿದರು. ಕೂಸಿಗೆ ಸ್ಫೂರ್ತಿ ಎಂದು ಹೆಸರಿಟ್ಟರು. ಕಸ್ತೂರಿಯ ಕೈ ಹಿಂದೆ ಬಂದದ್ದು ಬಹಳ ನಿಧಾನವಾಗಿ. ಅವಳ ಎದೆ ಏಕಾಏಕಿ ಬಿಸಿಯಾದದ್ದು ನನಗೆ ಗೊತ್ತಾಯಿತು.

ಊಟದ ಎಲೆ ಹಾಕುವ ಹೊತ್ತಿಗೆ ಕೂಸಿಗೆ ಹಸಿವಾಯಿತು. ಸುನಂದಾ ಬಾಟಲಿ ಹಿಡಿದಳು. ಹಿಂದಿನ ವಾರವೆಲ್ಲ ಅದೇ ಬಾಟಲಿಯಲ್ಲಿ ಕುಡಿದಿದ್ದ ಕೂಸು ಇಂದು ಮುಖ ತಿರುಗಿಸಿತು. ಚಮಚದಲ್ಲಿ ಹಾಕಿದರು, ಉಗುಳಿತು. ಅತ್ತು ಅತ್ತು ಕೆಂಪಾಯಿತು. ಪ್ರತಿ ಅಳುವಿಗೂ ಕಸ್ತೂರಿಯ ಹಾಲು ಇಳಿಯುತ್ತಿತ್ತು. ನನ್ನ ಮುಂಭಾಗ ತೊಯ್ದು ಕಪ್ಪಾಯಿತು. ಅವಳು ಸೆರಗನ್ನು ಎರಡು ಸುತ್ತು ಹೊದ್ದುಕೊಂಡು ಕೋಸಂಬರಿ ಬಡಿಸುತ್ತಿದ್ದಳು.

"ಒಂದ ಸಲ ಆಕಿ ಕಡೆ ಕೊಡ್ರೆವಾ," ಎಂದರು ಯಾರೋ.

"ಉಡಿಯಾಗ ಹಾಕಿದ ಮ್ಯಾಲ ಅವತ್ತ ತಿರುಗಿ ಕೊಡೂದಿಲ್ಲ," ಎಂದಳು ಗಂಡನ ಸೋದರತ್ತೆ. "ಕೊಟ್ರ ಕೂಸು ಯಾರದು ಆತು?"

ಕಸ್ತೂರಿ ಬಟ್ಟಲನ್ನು ಅಲ್ಲೇ ಇಟ್ಟು ಒಳಕೋಣೆಗೆ ಬಂದಳು. ಕದ ಮುಂದೆ ಮಾಡಿ, ಎರಡೂ ಅಂಗೈಗಳಿಂದ ನನ್ನನ್ನು ಎದೆಗೆ ಒತ್ತಿ ಹಿಡಿದು ನಿಂತಳು. ನಾನು ಎಷ್ಟು ಸಾಧ್ಯವೋ ಅಷ್ಟು ಹೀರಿಕೊಂಡೆ. ಬಟ್ಟೆಗೆ ಬೇರೇನು ಬರುತ್ತದೆ?

ಕದ ತೆರೆಯಿತು. ಕೂಸನ್ನು ಹೊತ್ತು ಸುನಂದಾ ನಿಂತಿದ್ದಳು.

"ತಿರುಗು," ಎಂದಳು.

"ಬ್ಯಾಡಕ್ಕ. ಅವರೆಲ್ಲಾ ಏನಂದಾರು. ನಾಳಿಂದ ನಿನಗ ಕಷ್ಟ ಆಗತೈತಿ."

"ನಾಳಿಂದು ನಾಳಿಗೆ. ನೀ ತಿರುಗು ಅಂದ್ನಿ."

ಕಸ್ತೂರಿ ತಿರುಗಿದಳು. ಸುನಂದಾ ಕೂಸನ್ನು ಮಂಚದ ಮೇಲೆ ಇಟ್ಟು ನನ್ನ ಹುಕ್ಕುಗಳನ್ನು ಬಿಚ್ಚಿದಳು. ಒದ್ದೆಯಾದ ಬಟ್ಟೆ ಬಿಗಿದಿತ್ತು. ಒಂದು ಹುಕ್ಕು ಬರಲೇ ಇಲ್ಲ, ಹಲ್ಲಿನಿಂದ ಬಿಡಿಸಿದಳು. ಹೆಗಲಿನಿಂದ ನನ್ನನ್ನು ಇಳಿಸಿ, ಕೂಸನ್ನು ತಾನೇ ಎತ್ತಿ ಕಸ್ತೂರಿಯ ತೊಡೆಯ ಮೇಲಿಟ್ಟಳು. ಅಳು ತಟ್ಟನೆ ನಿಂತಿತು. ಗುಟುಕರಿಸುವ ಸದ್ದು ಮಾತ್ರ.

ಸುನಂದಾ ಎದುರಿಗೆ ಕೂರಲಿಲ್ಲ. ಕಸ್ತೂರಿಯ ಮುಖ ತನಗೆ ಕಾಣದಂತೆ, ತನ್ನದು ಅವಳಿಗೆ ಕಾಣದಂತೆ, ಬೆನ್ನಿಗೆ ಬೆನ್ನು ಕೊಟ್ಟು ಕೂತಳು. ಇಬ್ಬರ ಬೆನ್ನಿನ ನಡುವೆ ನನ್ನ ಬಿಚ್ಚಿದ ಹುಕ್ಕುಗಳು. 

"ವಾಪಸ್ ಕೇಳಬ್ಯಾಡ ಕಸ್ತೂರಿ," ಎಂದಳು ಸುನಂದಾ ಗೋಡೆಯ ಕಡೆ ನೋಡುತ್ತ. "ನೀ ಕೇಳಿದ್ರ ನಾ ಕೊಟ್ಟಬಿಡ್ತೀನಿ. ಅದಕ್ಕ ಕೇಳಬ್ಯಾಡ."

ಕಸ್ತೂರಿ ಕೇಳಲಿಲ್ಲ.

ಕೂಸು ನಿದ್ದೆ ಹೋಯಿತು. ಸುನಂದಾ ಮತ್ತೆ ನನ್ನ ಹುಕ್ಕು ಹಾಕಿ, ತೊಯ್ದ ಭಾಗ ಮುಚ್ಚುವಂತೆ ಕಸ್ತೂರಿಯ ಸೆರಗಿನ ನೆರಿಗೆ ಹಿಡಿದು ಪಿನ್ನು ಹಾಕಿದಳು. ಹೆರಳಿನಿಂದ ಜಾರಿದ ಹೂವನ್ನು ಸರಿ ಮಾಡಿದಳು. ಆಮೇಲೆ ಫೋಟೊ ತೆಗೆದರು. ಇಳಿಹೊತ್ತಿಗೆ ಕಾರು ಬಂತು, ಹೋಯಿತು. ಆ ಫೋಟೊ ಬೆಳಗಾವಿಯ ಮನೆಯಲ್ಲಿದೆಯಂತೆ. ನಾನು ನೋಡಿಲ್ಲ.

ಮರುದಿನದಿಂದ ಅತ್ತೆ ಪೇಟೆಯಿಂದ ಮಲ್ಲಿಗೆ ತರತೊಡಗಿದಳು. ಹಾಲು ಇಂಗಲೆಂದು ಹೂವನ್ನು ಎದೆಗೆ ಹರಡಿ ಹಳೆಯ ಸೀರೆಯ ತುಂಡಿನಿಂದ ಕಟ್ಟುತ್ತಿದ್ದಳು. ಸಂಜೆಗೆ ಹೂ ಬಾಡುತ್ತಿತ್ತು. ಬಿಚ್ಚಿ ಹೊಸದನ್ನು ಕಟ್ಟುತ್ತಿದ್ದಳು. ಆ ಮುದುಕಿ ಆ ದಿನಗಳಲ್ಲಿ ಒಂದು ತಮಾಷೆಯನ್ನೂ ಮಾಡಲಿಲ್ಲ. "ಸೊಲ್ಪ ತಡಕೊ ಯವ್ವಾ, ಬತ್ತತೈತಿ," ಎನ್ನುತ್ತಿದ್ದಳು. ಬತ್ತಿತು. ನನ್ನನ್ನು ತೊಳೆದು ಟ್ರಂಕಿಗೆ ಹಾಕಿದರು.

ಸ್ಫೂರ್ತಿ ಹಬ್ಬಗಳಿಗೆ ಬರುತ್ತಿದ್ದಳು. ನಡೆಯಲು ಕಲಿತ ವರ್ಷದ ಪಂಚಮಿಗೆ ಬಂದವಳು ಹೊಸ್ತಿಲು ಎಡವಿ ಬಿದ್ದು "ಅವ್ವಾ" ಎಂದು ಅತ್ತಳು. ಟ್ರಂಕಿನ ಮುಂದೆ ಬಟ್ಟೆ ಮಡಿಸುತ್ತಿದ್ದ ಕಸ್ತೂರಿ ಅರ್ಧ ಎದ್ದಳು. ಅಷ್ಟರಲ್ಲಿ ಅಡುಗೆಮನೆಯಿಂದ ಸುನಂದಾ ಓಡಿ ಬಂದಿದ್ದಳು. ಕಸ್ತೂರಿ ಮತ್ತೆ ಕೂತು, ಕೈಯಲ್ಲಿದ್ದ ಬಟ್ಟೆಯನ್ನು ಮೊದಲಿನಿಂದ ಮಡಿಸಿದಳು.

ಅವರು ಊರಿಗೆ ಮರಳಿದ ಮೇಲೆ ಅವಳು ನನ್ನನ್ನು ಹೊರತೆಗೆದು ಫರ್ಜಾನಾಳ ಅಂಗಡಿಗೆ ಒಯ್ದಳು.

"ಹಿಂದ ಮುಚ್ಚಿ ಮುಂದ ಹುಕ್ ಮಾಡಿ ಕೊಡವಾ."

ಫರ್ಜಾನಾ ಅವಳ ಖಾಲಿ ಕಂಕುಳನ್ನು ನೋಡಿದಳು. "ಈಗ ಯಾರಿಗ್ರೀ ಅಕ್ಕಾ?"

"ಯಾರಿಗರೆ ಬೇಕಾಗತೈತಿ."

ಫರ್ಜಾನಾ ನನ್ನ ಬೆನ್ನು ಹೊಲಿದಳು, ಎದೆಯನ್ನು ನಡುವೆ ಕತ್ತರಿಸಿ ಪಟ್ಟಿ ಕೊಟ್ಟು ಹುಕ್ಕು ಹಚ್ಚಿದಳು. ಬದಿಗಳ ಒಳಗೆ ಇನ್ನಷ್ಟು ಬಟ್ಟೆ ಕೂಡಿಸಿ, ಯಾರ ಮೈಗಾದರೂ ಸಡಿಲಿಸಲು, ಬಿಗಿಸಲು ಬರುವಂತೆ ದೊಡ್ಡ ಹೊಲಿಗೆ ಹಾಕಿದಳು. ಕೂಲಿ ತೆಗೆದುಕೊಳ್ಳಲಿಲ್ಲ.

ಹಾಗೆ ನಾನು ಓಣಿಯ ಜಂಪರಾದೆ. ತೊಟ್ಟಿಲ ಕಾರ್ಯ ಬಂದರೆ, ಬಾಣಂತಿಗೆ ತನ್ನ ಯಾವ ಬಟ್ಟೆಯೂ ಕೂಡದೆ ಅಳು ಬಂದರೆ, ಕಸ್ತೂರಿಯ ಮನೆಗೆ ಬರುತ್ತಿದ್ದರು. ಅವಳು ಅವರವರ ಮೈಗೆ ತಕ್ಕಂತೆ ನನ್ನ ಬದಿ ಬಿಚ್ಚಿ ಹೊಲಿದು ಕೊಡುತ್ತಿದ್ದಳು. "ನೆಟ್ಟಗ ನಿಲ್ಲವಾ, ಚಂದ ಕಾಣ್ತಿ," ಎಂದು ಕನ್ನಡಿಯ ಕಡೆ ತಿರುಗಿಸುತ್ತಿದ್ದಳು. ಎಷ್ಟೋ ಕೂಸುಗಳು ನನ್ನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಹಾಲು ಕುಡಿದವು. ಕಸ್ತೂರಿ ಆ ಕಾರ್ಯಗಳಿಗೆ ಹೋಗುತ್ತಿದ್ದಳು, ಊಟ ಮಾಡುತ್ತಿದ್ದಳು, ಕೂಸನ್ನು ಮಾತ್ರ ಎತ್ತಿಕೊಳ್ಳುತ್ತಿರಲಿಲ್ಲ.

"ತೊಳದ ಕೊಡ್ತೀನಿ ಕಸ್ತೂರಕ್ಕಾ, ಹಾಲಿನ ವಾಸನಿ ಬರಾಕತ್ತೇತಿ," ಎನ್ನುತ್ತಿದ್ದರು ಮರಳಿಸಲು ಬಂದವರು.

"ಬ್ಯಾಡವಾ. ಹಂಗ ಕೊಟ್ಟಬಿಡು."

ಅವರು ಹೋದ ಮೇಲೆ ಕದ ಮುಂದೆ ಮಾಡಿ, ನನ್ನನ್ನು ಮುಖಕ್ಕೆ ಒತ್ತಿಕೊಂಡು ಕೂರುತ್ತಿದ್ದಳು. ತೊಳೆಯುವುದು ಮರುದಿನ.

ಈಗ ನನಗೆ ವಯಸ್ಸಾಗಿದೆ. ಜರಿ ಕಪ್ಪಾಗಿದೆ, ಕಂಕುಳು ಸವೆದಿದೆ. ಓಣಿಯ ಹುಡುಗಿಯರು ಈಗ ಮೊಬೈಲಿನಲ್ಲೇ ಬೇಕಾದ್ದನ್ನು ತರಿಸಿಕೊಳ್ಳುತ್ತಾರೆ, ಚಂದವೂ ಇರುತ್ತದೆ, ಅಗ್ಗವೂ ಇರುತ್ತದೆ. ಒಳ್ಳೆಯದೇ ಆಯಿತು. ಹೊಸ ತಾಯಂದಿರು ಕನ್ನಡಿಗೆ ಬೆನ್ನು ಮಾಡಿ ನಿಲ್ಲಬಾರದು. ಆದರೆ ನನ್ನನ್ನು ಕೇಳಿಕೊಂಡು ಬರುವವರಿಲ್ಲ. ಸಾಬೂನು, ಡಾಂಬರು ಗುಳಿಗೆಯ ವಾಸನೆ ಬಿಟ್ಟರೆ ನನ್ನಲ್ಲಿ ಏನೂ ಉಳಿದಿಲ್ಲ.

ಕಸ್ತೂರಿ ಆಗಾಗ ಟ್ರಂಕು ತೆರೆದು ನನ್ನನ್ನು ಬಿಸಿಲಿಗೆ ಹಾಕುತ್ತಾಳೆ. ಸಂಜೆ ಒಳತಂದು, ಮಡಿಸುವ ಮುನ್ನ ಹುಕ್ಕುಗಳನ್ನು ಒಂದೊಂದಾಗಿ ಹಾಕುತ್ತಾಳೆ. ಕೆಳಗಿನ ಎರಡನ್ನು ಮಾತ್ರ ಹಾಕುವುದಿಲ್ಲ. ಹಾಲು ಕುಡಿಸುವವರು ಬಿಚ್ಚುವುದು ಆ ಎರಡನ್ನೇ.